ನನ್ನ ಮೊದಲ ಎಂಜಿನ್ ಮತ್ತೆ ಹಳಿಗೆ ಬಂತು

ಮಾಡೆಲ್ ರೈಲಿನ ಹುಚ್ಚು ಇರುವವರನ್ನು ಒಮ್ಮೆ ಮಾತಾಡಿಸಿ ನೋಡಿ. ಎಷ್ಟು ಎಂಜಿನ್ ಇವೆ ಅಂತ ಕೇಳಿದರೆ ಸ್ವಲ್ಪ ಯೋಚನೆ ಮಾಡುತ್ತಾರೆ. ಮೊದಲನೆಯದು ಯಾವುದು ಅಂತ ಕೇಳಿದರೆ ಮಾತ್ರ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಬಣ್ಣ, ನಂಬರು, ಯಾವ ಕಡೆಯ ಮೆಟ್ಟಿಲು ಮುರಿದಿತ್ತು, ಎಲ್ಲವೂ.

ನನ್ನದು ಕಪ್ಪು ಬಣ್ಣದ ಪುಟ್ಟ ಟ್ಯಾಂಕ್ ಎಂಜಿನ್. ನೀರು, ಕಲ್ಲಿದ್ದಲು ಎರಡನ್ನೂ ಮೈಮೇಲೇ ಹೊತ್ತು ಓಡುವ, ಹಿಂದೆ ಟೆಂಡರ್, ಅಂದರೆ ನೀರು-ಕಲ್ಲಿದ್ದಲಿನ ಬೇರೆ ಗಾಡಿ, ಇಲ್ಲದ ಜಾತಿ. ಕೆಂಪು ಬಣ್ಣದ ಆರು ಗಾಲಿ. ಆರೂ ಎಳೆಯುವ ಗಾಲಿಗಳೇ, ಮುಂದೆ ಹಿಂದೆ ಚಿಕ್ಕ ಗಾಲಿಗಳಿಲ್ಲ. ಫ್ರೆಡರಿಕ್ ವೈಟ್ ಹಾಕಿಕೊಟ್ಟ ಗಾಲಿ ಎಣಿಕೆಯ ಲೆಕ್ಕದಲ್ಲಿ ಹೇಳುವುದಾದರೆ 0-6-0. ಉದ್ದ ಸುಮಾರು 11 ಸೆಂಟಿಮೀಟರ್. ಅಂಗೈ ಮೇಲೆ ಕೂರುವಷ್ಟೇ ಇದ್ದರೂ ಅದರ ಭಾರ ಕೈಗೆ ಚೆನ್ನಾಗಿ ತಿಳಿಯುತ್ತದೆ.

ಕೊಟ್ಟವರು ದೊಡ್ಡಪ್ಪ. ಒಂದು ಎಂಜಿನ್, ಮೂರು ಗೂಡ್ಸ್ ವ್ಯಾಗನ್, ಒಂದು ಸುತ್ತಿಗೆ ಆಗುವಷ್ಟು ಹಳಿ, ಒಂದು ಕಂಟ್ರೋಲರ್. ಹೊಸಬರಿಗೆ ಅಂತ ಮಾಡುವ ಸೆಟ್ಟುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಬಾಗಿದ ತುಂಡು ಒಂದೊಂದೂ 30 ಡಿಗ್ರಿ ತಿರುಗುತ್ತದೆ, ಹನ್ನೆರಡು ಸೇರಿದರೆ ಒಂದು ಪೂರ್ತಿ ಸುತ್ತು. ಮಧ್ಯೆ ನೇರ ತುಂಡು ಸೇರಿಸಿದರೆ ಸುತ್ತು ಉದ್ದವಾಗುತ್ತದೆ. ನೆಲದ ಮೇಲೆ ಕಾರ್ಪೆಟ್ ಹಾಸಿ, ಅದರ ಮೇಲೆ ಹಳಿ ಜೋಡಿಸಿದ್ದೆವು. ನಾನು ಕಂಟ್ರೋಲರಿನ ಗುಂಡಿ ಹಿಡಿದಾಗ ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು.

"ಒಂದೇ ಸಲ ಪೂರ್ತಿ ತಿರುಗಿಸಬೇಡ ಕಣೇ. ನಿಧಾನ. ಅದು ಹೊರಡೋದನ್ನ ನೋಡು."

ಆ ಮಾತು ಇವತ್ತಿಗೂ ನನ್ನ ಕೈಯಲ್ಲಿದೆ. ಗುಂಡಿ ಸ್ವಲ್ಪ ತಿರುಗಿದಾಗ ಮೊದಲು ಒಂದು ಸಣ್ಣ ಗುಂಯ್ ಶಬ್ದ. ಎಂಜಿನ್ ಇನ್ನೂ ನಿಂತೇ ಇರುತ್ತದೆ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಒಮ್ಮೆ ಜಗ್ಗಿ, ಪಕ್ಕದ ಕಬ್ಬಿಣದ ಕಡ್ಡಿಗಳು ಮೇಲೆದ್ದು ಕೆಳಗಿಳಿದು, ಮೂರು ವ್ಯಾಗನ್ನುಗಳ ಕೊಕ್ಕೆ ಒಂದಾದ ಮೇಲೊಂದು ಟಕ್ ಟಕ್ ಟಕ್ ಅಂತ ಬಿಗಿದುಕೊಂಡು, ಆಮೇಲೆ ರೈಲು ಹೊರಡುತ್ತದೆ. ನನಗೆ ಈ ಹವ್ಯಾಸ ಹಿಡಿದದ್ದು ರೈಲು ಓಡುವುದನ್ನು ನೋಡಿ ಅಲ್ಲ. ಹೊರಡುವುದನ್ನು ನೋಡಿ.

ಈ ಅಳತೆಗೆ ಎಚ್‌ಒ ಅಂತಾರೆ. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ನಿಜವಾದ ಸ್ಟ್ಯಾಂಡರ್ಡ್ ಗೇಜ್ ಹಳಿಗಳ ನಡುವೆ 1435 ಮಿಲಿಮೀಟರ್ ಇರುತ್ತದೆ. ಅದನ್ನು 87ರಿಂದ ಭಾಗಿಸಿದರೆ 16.5. ಮಾಡೆಲ್ ಹಳಿಯ ಅಗಲ ಅಷ್ಟೇ. ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಹಳಿಯ ಸಮೇತ ತೋರಿಸಿದಾಗ ಗೇಜುಗಳು ಬಹಳ ದೊಡ್ಡವಿದ್ದವು. ಆಗ ಒಂದನೇ ಗೇಜು ಅಂದರೆ 45 ಮಿಲಿಮೀಟರ್. ಆಮೇಲೆ ಬಂದ ಒ ಗೇಜು 32 ಮಿಲಿಮೀಟರ್. ಅದರ ಸುಮಾರು ಅರ್ಧದಷ್ಟಿರುವ ಈ ಹಳಿಯ ವಿದ್ಯುತ್ ರೈಲನ್ನು 1935ರಲ್ಲಿ ಮಾರ್ಕ್ಲಿನ್ ಮತ್ತು ಟ್ರಿಕ್ಸ್ ಎರಡೂ ಮಾರುಕಟ್ಟೆಗೆ ತಂದವು. ರೈಲು ಮೇಜಿನ ಮೇಲೆ ಹಿಡಿಸುವಂತಾಯಿತು. ಮನೆಯಲ್ಲಿ ದೊಡ್ಡ ಕೋಣೆ ಇಲ್ಲದವರಿಗೂ ರೈಲು ಸಿಕ್ಕಿದ್ದು ಹಾಗೆ.

ಚಿಕ್ಕವರಿದ್ದಾಗ ಎಲ್ಲರೂ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಯೇ ಓಡಿಸುತ್ತಾರೆ ಅಲ್ವಾ. ಸೆಕೆಂಡಿಗೆ ಒಂದು ಮೀಟರ್ ಓಡಿತು ಅಂದುಕೊಳ್ಳಿ. ನಿಜವಾದ ರೈಲಿನ ಲೆಕ್ಕಕ್ಕೆ ತಂದರೆ ಅದು ಗಂಟೆಗೆ 313 ಕಿಲೋಮೀಟರ್. ಉಗಿ ಎಂಜಿನ್ನಿಗೆ ಕನಸಲ್ಲೂ ಬರದ ವೇಗ. ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಎಂಜಿನ್ ಗಂಟೆಗೆ 5 ಕಿಲೋಮೀಟರ್ ಹೋದರೆ ಹೆಚ್ಚು. ಮಾಡೆಲಿನಲ್ಲಿ ಅದು ಸೆಕೆಂಡಿಗೆ ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದೊಡ್ಡಪ್ಪ ನೋಡು ಅಂದದ್ದು ಆ ನಡಿಗೆಯನ್ನ.

ಆಮೇಲೆ ಓದು, ಕೆಲಸ, ಮನೆ ಬದಲಾವಣೆ. ಎಂಜಿನ್ ಡಬ್ಬಿ ಸೇರಿತು, ಡಬ್ಬಿ ಇನ್ನೊಂದು ದೊಡ್ಡ ಡಬ್ಬಿ ಸೇರಿತು. ನಡುವೆ ಬೇರೆ ಎಂಜಿನ್ನುಗಳು ಬಂದವು. ಚೆಂದದವು, ನುಣ್ಣಗೆ ಓಡುವವು, ಶಬ್ದ ಮಾಡುವವು. ಮೊದಲನೆಯದು ಮಾತ್ರ ನೆನಪಾಗಿ ಉಳಿಯಿತು. ದೊಡ್ಡಪ್ಪ ಹೋದ ಮೇಲೆ ಅದನ್ನು ಹೊರಗೆ ತೆಗೆಯಬೇಕು ಅನ್ನಿಸಿತು. ಗಾಜಿನ ಬೀರುವಿನಲ್ಲಿ ಇಟ್ಟು ನೋಡುವುದಕ್ಕಲ್ಲ. ಓಡಿಸುವುದಕ್ಕೆ.

ಹಳೆಯ ಎಂಜಿನ್ ಕೈಗೆ ಬಂದ ತಕ್ಷಣ ಕರೆಂಟ್ ಕೊಡುವ ಆಸೆ ಆಗುತ್ತದೆ. ಅದನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಬೇಕು. ನಾನು ಮೊದಲು ನೋಡಿದ್ದು ಚಾಸಿಯನ್ನ. ಇಂಥ ಎಂಜಿನ್ನುಗಳ ಚಾಸಿ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಎರಕ ಹೊಯ್ಯುವಾಗ ಲೋಹದಲ್ಲಿ ಸೀಸದ ಅಂಶ ಸೇರಿಬಿಟ್ಟಿದ್ದರೆ ವರ್ಷಗಳು ಕಳೆದಂತೆ ಅದು ಒಳಗಿನಿಂದಲೇ ಕೆಡುತ್ತದೆ. ಉಬ್ಬುತ್ತದೆ, ಬಾಗುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಬೆರಳಲ್ಲಿ ಒತ್ತಿದರೂ ಪುಡಿಯಾಗುತ್ತದೆ. ಜಿಂಕ್ ಪೆಸ್ಟ್ ಅಂತಾರೆ. ಅದಕ್ಕೆ ಮದ್ದಿಲ್ಲ. 20ನೇ ಶತಮಾನದ ಮೊದಲ ಅರ್ಧದಲ್ಲಿ ತಯಾರಾದ ಮಾಡೆಲ್‌ಗಳಲ್ಲಿ ಇದು ಜಾಸ್ತಿ. ನನ್ನದು ಅಷ್ಟು ಹಳೆಯದಲ್ಲ. ಆದರೂ ಉಕ್ಕಿನ ಸ್ಕೇಲನ್ನು ಚಾಸಿಗೆ ಅಂಟಿಸಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿದೆ. ಎಲ್ಲೂ ಸಂದಿ ಕಾಣಲಿಲ್ಲ. ಚಾಸಿ ನೆಟ್ಟಗಿತ್ತು. ಆಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಮಗಳು ಪಕ್ಕದಲ್ಲಿ ನಿಂತು ಗಾಲಿಗೆ ಬೆರಳು ತಾಗಿಸಿದಳು.

"ಅಮ್ಮಾ, ಇದು ತಿರುಗ್ತಾನೇ ಇಲ್ಲ. ಹಾಳಾಗಿದ್ಯಾ?"

ಹಾಳಾಗಿಲ್ಲ. ಅದು ಇರುವುದೇ ಹಾಗೆ. ಮೋಟರಿನ ಅಚ್ಚಿನ ಮೇಲೆ ಸ್ಕ್ರೂ ತರಹದ ಒಂದು ಗೇರ್ ಇರುತ್ತದೆ, ವರ್ಮ್ ಗೇರ್. ಅದು ಗಾಲಿಯ ಅಚ್ಚಿನ ಮೇಲಿರುವ ಹಲ್ಲಿನ ಗೇರನ್ನು ತಿರುಗಿಸುತ್ತದೆ. ಮೋಟರ್ ಹತ್ತಾರು ಸುತ್ತು ಹೊಡೆದರೆ ಗಾಲಿ ಒಂದು ಸುತ್ತು. ಅದರಿಂದಲೇ ಅಷ್ಟು ಪುಟ್ಟ ಮೋಟರಿಗೆ ಅಷ್ಟೊಂದು ಎಳೆಯುವ ಶಕ್ತಿ ಬರುವುದು. ಆದರೆ ಈ ದಾರಿ ಒಂದೇ ಕಡೆಯದು. ಮೋಟರ್ ಗಾಲಿಯನ್ನು ತಿರುಗಿಸಬಹುದು, ಗಾಲಿ ಮೋಟರನ್ನು ತಿರುಗಿಸಲಾರದು. ಬಲವಂತವಾಗಿ ತಿರುಗಿಸಿದರೆ ಗೇರಿನ ಹಲ್ಲು ಹೋಗುತ್ತದೆ. ಇಷ್ಟು ಹೇಳಿದ ಮೇಲೆ ಅವಳು ಬೆರಳು ತೆಗೆದು, ಕುರ್ಚಿ ಎಳೆದುಕೊಂಡು ಕೂತಳು. ಇಡೀ ಕೆಲಸ ಮುಗಿಯುವವರೆಗೂ ಟಾರ್ಚ್ ಹಿಡಿದವಳು ಅವಳೇ.

ಕರೆಂಟ್ ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿದೆ. ಎರಡು ಹಳಿಯ ಡಿಸಿ ಎಂಜಿನ್ನಿನಲ್ಲಿ ಕರೆಂಟು ಹೋಗುವ ದಾರಿ ಬಹಳ ಸರಳ. ಒಂದು ಕಡೆಯ ಹಳಿಯಿಂದ ಗಾಲಿಗೆ. ಗಾಲಿಗೆ ಉಜ್ಜಿಕೊಂಡಿರುವ ತೆಳು ತಗಡಿನ ಪಟ್ಟಿಗೆ. ಅಲ್ಲಿಂದ ತಂತಿಯಲ್ಲಿ ಮೋಟರಿನ ಒಂದು ಬ್ರಷ್ಷಿಗೆ. ಅಚ್ಚಿನ ಜೊತೆ ತಿರುಗುವ ತಾಮ್ರದ ತುಂಡುಗಳ ಉಂಗುರ, ಅಂದರೆ ಕಮ್ಯುಟೇಟರಿನ ಮೂಲಕ ಸುರುಳಿಗಳಿಗೆ. ಅಲ್ಲಿಂದ ಇನ್ನೊಂದು ಬ್ರಷ್, ಅದರಿಂದ ಚಾಸಿ, ಚಾಸಿಯಿಂದ ಆ ಕಡೆಯ ಗಾಲಿ, ಆ ಕಡೆಯ ಹಳಿ. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಎಂಜಿನ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಎರಡು ಕಡೆಯ ಗಾಲಿಗಳಿಗೆ ಮೀಟರಿನ ಕಡ್ಡಿ ತಾಗಿಸಿದೆ. ಏನೂ ಇಲ್ಲ. ದಾರಿ ಎಲ್ಲೋ ಕಡಿದಿದೆ.

ಹೊಟ್ಟೆಯ ಕೆಳಗಿನ ಒಂದು ಸ್ಕ್ರೂ ಬಿಚ್ಚಿ, ಮುಂದಿನ ಬಫರ್ ಹತ್ತಿರದ ಕೊಕ್ಕೆಯನ್ನು ಮೆಲ್ಲಗೆ ಬಿಡಿಸಿದರೆ ಮೈಕಟ್ಟು ಮೇಲೆದ್ದು ಬರುತ್ತದೆ. ಒಳಗಿನ ವಾಸನೆ ಮೂಗಿಗೆ ಬಡಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಹಳೆಯ ಎಣ್ಣೆ, ಬಿಸಿಯಾಗಿದ್ದ ತಂತಿಯ ವಾರ್ನಿಷ್. ಎಂಜಿನ್ ಓಡುವಾಗ ಇದರ ಜೊತೆ ಇನ್ನೊಂದು ವಾಸನೆಯೂ ಸೇರುತ್ತದೆ. ಬ್ರಷ್ ಮತ್ತು ಕಮ್ಯುಟೇಟರ್ ನಡುವಿನ ಸಣ್ಣ ಕಿಡಿಗಳಿಂದ ಹುಟ್ಟುವ ಓಝೋನ್. ಮಾಡೆಲ್ ರೈಲಿನ ವಾಸನೆ ಅಂತ ನಮ್ಮಂಥವರು ಹೇಳುವುದು ಇದನ್ನೇ.

ತಂತಿ ಸರಿಯಿತ್ತು. ತಗಡಿನ ಪಟ್ಟಿ ಗಾಲಿಗೆ ತಾಗುತ್ತಿತ್ತು. ಮೀಟರಿನ ಕಡ್ಡಿಯನ್ನು ಒಂದೊಂದೇ ಕೊಂಡಿಗೆ ಸರಿಸುತ್ತಾ ಬಂದಾಗ ಬ್ರಷ್ಷಿನ ಹತ್ತಿರ ನಿಂತಿತು. ಬ್ರಷ್ ಅಂದರೆ ಇಂಗಾಲದ ಒಂದು ಪುಟ್ಟ ಗುಂಡುತುಂಡು. ಪೆನ್ಸಿಲ್ ಸೀಸದ ತುದಿ ಮುರಿದು ಬಿದ್ದ ಹಾಗೆ ಕಾಣುತ್ತದೆ. ಅದು ಒಂದು ಹಿತ್ತಾಳೆ ಕೊಳವೆಯೊಳಗೆ ಕೂತಿರುತ್ತದೆ. ಹಿಂದಿನಿಂದ ಒಂದು ಸ್ಪ್ರಿಂಗ್ ಅದನ್ನು ಕಮ್ಯುಟೇಟರಿಗೆ ಒತ್ತುತ್ತಿರುತ್ತದೆ. ನನ್ನ ಎಂಜಿನ್ನಿನಲ್ಲಿ ಒಂದು ಬ್ರಷ್ ಕೊಳವೆಯೊಳಗೇ ಅಂಟಿಕೊಂಡುಬಿಟ್ಟಿತ್ತು. ಹಳೆಯ ಎಣ್ಣೆ ವರ್ಷಗಟ್ಟಲೆ ಕೂತು, ಇಂಗಾಲದ ಪುಡಿಯ ಜೊತೆ ಬೆರೆತು, ಗಟ್ಟಿಯಾದ ಕಪ್ಪು ಅಂಟಾಗಿತ್ತು. ಸ್ಪ್ರಿಂಗ್ ಎಷ್ಟು ಒತ್ತಿದರೂ ಬ್ರಷ್ ಮುಂದೆ ಸರಿಯುವಂತಿರಲಿಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸಂದಿ. ಎಂಜಿನ್ ಅಷ್ಟು ವರ್ಷ ಸತ್ತಂತೆ ಬಿದ್ದಿದ್ದಕ್ಕೆ ಅದೊಂದೇ ಕಾರಣ.

ಈ ಸ್ಪ್ರಿಂಗ್ ತೆಗೆಯುವಾಗ ಒಂದು ಉಪಾಯ ಇದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಎಂಜಿನ್ ಇಟ್ಟು, ಕೈ ಕೂಡ ಚೀಲದೊಳಗೇ ಹಾಕಿ ತೆಗೆಯಬೇಕು. ಹೊರಗೆ ಬಿಚ್ಚಿದರೆ ಸ್ಪ್ರಿಂಗ್ ಎಲ್ಲಿಗೆ ಹಾರಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮದೂ ಹಾರಿತು, ಚೀಲಕ್ಕೆ ಬಡಿದು ಕೆಳಗೆ ಬಿತ್ತು. ಮಗಳು ಚಪ್ಪಾಳೆ ಹೊಡೆದಳು.

ಬ್ರಷ್ಷುಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಲು ಇಟ್ಟೆ. ಎರಡೂ ಇನ್ನೂ ಸಾಕಷ್ಟು ಉದ್ದ ಇದ್ದವು. ಮುಂದಿನ ತುದಿ ಕಮ್ಯುಟೇಟರಿನ ದುಂಡಗಿನ ಮೈಗೆ ಸರಿಯಾಗಿ ಸವೆದು ಸಣ್ಣ ಬಟ್ಟಲಿನಂತೆ ಒಳಬಾಗಿತ್ತು. ಅದನ್ನು ಹಾಗೇ ಉಳಿಸಿಕೊಂಡೆ. ಯಾವುದು ಯಾವ ಕಡೆಯದು, ಯಾವ ದಿಕ್ಕಿಗಿತ್ತು ಅಂತ ಕಾಗದದ ಮೇಲೆ ಗುರುತು ಹಾಕಿಟ್ಟು, ಅದೇ ಕೊಳವೆಗೆ ಅದೇ ಬ್ರಷ್ ಹಾಕಿದೆ. ಹೊಸ ಬ್ರಷ್ ಹಾಕಿದ್ದರೆ ಮತ್ತೆ ಸವೆದು ಹೊಂದಿಕೊಳ್ಳುವವರೆಗೆ ಕಿಡಿ ಜಾಸ್ತಿ ಬರುತ್ತದೆ.

ಕಮ್ಯುಟೇಟರ್ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇದು ಮೂರು ಪೋಲಿನ ಮೋಟರ್. ಮೋಟರಿನೊಳಗೆ ತಿರುಗುವ ಭಾಗವಾದ ಆರ್ಮೇಚರಿನಲ್ಲಿ ಮೂರು ಸುರುಳಿ, ಕಮ್ಯುಟೇಟರಿನಲ್ಲಿ ಮೂರು ತಾಮ್ರದ ತುಂಡು, ಅವುಗಳ ನಡುವೆ ಮೂರು ಸಣ್ಣ ಸಂದಿ. ತಾಮ್ರ ಕಪ್ಪಾಗಿ ಹೋಗಿತ್ತು. ಹತ್ತಿ ಸುತ್ತಿದ ಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ, ಮೋಟರಿನ ಅಚ್ಚನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾ ಒರೆಸಿದೆ. ಕಡ್ಡಿಯ ಮೇಲೆ ಕಡ್ಡಿ ಕಪ್ಪಾದವು. ಕೊನೆಗೆ ಒಂದು ಬೆಳ್ಳಗೇ ಹೊರಬಂದಾಗ ಒಳಗೆ ತಾಮ್ರದ ನಿಜವಾದ ಬಣ್ಣ ಕಂಡಿತು. ಸಂದಿಗಳಲ್ಲಿ ಇಂಗಾಲದ ಪುಡಿ ತುಂಬಿದ್ದರೆ ಒಂದು ತುಂಡಿನಿಂದ ಪಕ್ಕದ ತುಂಡಿಗೆ ಕರೆಂಟು ನುಸುಳುತ್ತದೆ, ಮೋಟರ್ ಬಿಸಿಯಾಗುತ್ತದೆ, ಬಲ ಕಮ್ಮಿಯಾಗುತ್ತದೆ. ಅದನ್ನು ಮರದ ಟೂತ್‌ಪಿಕ್ಕಿನ ತುದಿಯಲ್ಲಿ ಕೆರೆದು ತೆಗೆದೆ. ಇಲ್ಲಿ ಸೂಜಿ, ಬ್ಲೇಡು ಹಾಕುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ತಾಮ್ರದ ಅಂಚು ಗೀರಿದರೆ ಆ ಗೀರು ಬ್ರಷ್ಷನ್ನು ತಿನ್ನುತ್ತಲೇ ಇರುತ್ತದೆ. ಉಪ್ಪುಕಾಗದವಂತೂ ಬೇಡವೇ ಬೇಡ.

ಆರ್ಮೇಚರನ್ನು ಹೊರಗೆ ತೆಗೆದಿದ್ದರೆ ಈ ಕೆಲಸ ಸುಲಭ ಆಗುತ್ತಿತ್ತು. ಬೇಕಂತಲೇ ತೆಗೆಯಲಿಲ್ಲ. ಹಳೆಯ ಮೋಟರುಗಳ ಅಯಸ್ಕಾಂತ ಆಲ್ನಿಕೊ, ಅಂದರೆ ಅಲ್ಯೂಮಿನಿಯಂ, ನಿಕೆಲ್, ಕೋಬಾಲ್ಟ್ ಕಬ್ಬಿಣದ ಜೊತೆ ಸೇರಿದ ಮಿಶ್ರಲೋಹ. ನಡುವೆ ಇರುವ ಆರ್ಮೇಚರ್ ತೆಗೆದುಬಿಟ್ಟರೆ ಅಯಸ್ಕಾಂತದ ಎರಡು ತುದಿಗಳ ನಡುವಿನ ಕಬ್ಬಿಣದ ಸೇತುವೆ ಹೋದಂತೆ. ಅದರ ಶಕ್ತಿ ಇಳಿಯುತ್ತದೆ. ಮತ್ತೆ ಆರ್ಮೇಚರ್ ಹಾಕಿದರೂ ಹೋದ ಶಕ್ತಿ ತಾನಾಗಿ ಬರುವುದಿಲ್ಲ. ಆಗ ಎಂಜಿನ್ ಜಾಸ್ತಿ ಕರೆಂಟು ಕುಡಿಯುತ್ತದೆ, ಎಳೆಯುವುದು ಕಮ್ಮಿಯಾಗುತ್ತದೆ. ಹಾಗಾಗಿ ಇಕ್ಕಟ್ಟಿನಲ್ಲೇ ಕೆಲಸ ಮುಗಿಸಿದೆ.

ಇನ್ನು ಗಾಲಿ. ಚಾಸಿಯ ಕೆಳಗಿನ ತಟ್ಟೆ ಬಿಚ್ಚಿದರೆ ಮೂರು ಅಚ್ಚುಗಳೂ ಗಾಲಿ ಸಮೇತ ಕೈಗೆ ಬರುತ್ತವೆ. ಮಧ್ಯದ ಅಚ್ಚಿಗೆ ಮಾತ್ರ ಗೇರ್ ಇದೆ. ಮುಂದಿನ, ಹಿಂದಿನ ಗಾಲಿಗಳನ್ನು ತಿರುಗಿಸುವುದು ಪಕ್ಕದ ಜೋಡುಕಡ್ಡಿಗಳು. ಇಲ್ಲಿ ನೋಡುವಂಥದ್ದು ಒಂದಿದೆ. ಎಡಗಡೆಯ ಕಡ್ಡಿ ಮೇಲಿದ್ದಾಗ ಬಲಗಡೆಯದು ಮೇಲೂ ಇರುವುದಿಲ್ಲ, ಕೆಳಗೂ ಇರುವುದಿಲ್ಲ. ಕಾಲು ಸುತ್ತು, ಅಂದರೆ 90 ಡಿಗ್ರಿ, ಆಚೆ ಇರುತ್ತದೆ. ನಿಜವಾದ ಉಗಿ ಎಂಜಿನ್ನಿನಲ್ಲೂ ಹೀಗೇ. ಒಂದು ಕಡೆಯ ಪಿಸ್ಟನ್ ಕೊನೆಗೆ ಹೋಗಿ ಬಲವಿಲ್ಲದೆ ನಿಂತ ಗಳಿಗೆಯಲ್ಲಿ ಇನ್ನೊಂದು ಕಡೆಯದು ಪೂರ್ತಿ ಬಲದಲ್ಲಿ ತಳ್ಳುತ್ತಿರುತ್ತದೆ. ಹಾಗಿಲ್ಲದಿದ್ದರೆ ಎಂಜಿನ್ ಕೆಲವು ಕಡೆ ನಿಂತರೆ ಮತ್ತೆ ಹೊರಡುವುದೇ ಇಲ್ಲ. ಮಾಡೆಲಿನಲ್ಲಿ ಪಿಸ್ಟನ್ನಿಗೆ ಕೆಲಸ ಇಲ್ಲ ನಿಜ. ಆದರೆ ಮೂರು ಅಚ್ಚುಗಳಲ್ಲೂ ಈ ಕಾಲು ಸುತ್ತಿನ ವ್ಯತ್ಯಾಸ ಒಂದೇ ಸಮ ಇರಲೇಬೇಕು. ಒಂದು ಅಚ್ಚಿನ ಗಾಲಿ ಸ್ವಲ್ಪ ಜರುಗಿದರೂ ಕಡ್ಡಿಗಳು ಬಿಗಿಯುತ್ತವೆ, ಎಂಜಿನ್ ಕುಂಟುತ್ತದೆ. ಅದಕ್ಕೇ ಗಾಲಿಗಳನ್ನು ಅಚ್ಚಿನಿಂದ ಬಿಡಿಸುವ ಗೋಜಿಗೆ ಹೋಗಲಿಲ್ಲ. ಕಡ್ಡಿಗಳನ್ನೂ ಬಿಚ್ಚಲಿಲ್ಲ. ಇಡೀ ಜೋಡಣೆಯನ್ನು ಹಾಗೇ ಎತ್ತಿ ಬಟ್ಟೆಯ ಮೇಲಿಟ್ಟೆ.

ಮಧ್ಯದ ಅಚ್ಚಿನ ಸುತ್ತ ಏನೋ ಬಿಗಿಯಾಗಿ ಸುತ್ತಿಕೊಂಡಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಉದ್ದಕ್ಕೆ ಬರುತ್ತಲೇ ಹೋಯಿತು. ನೀಲಿ ಎಳೆ. ನಾವು ಹಳಿ ಜೋಡಿಸುತ್ತಿದ್ದ ಕಾರ್ಪೆಟ್ಟಿನದು. ಅದರ ಜೊತೆ ಒಂದಷ್ಟು ತಲೆಕೂದಲು. ಹಳಿಗೆ ಕೆನ್ನೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ಎಂಜಿನ್ ಎದುರಿಗೆ ಬರುವುದನ್ನು ನೋಡುತ್ತಿದ್ದೆನಲ್ಲ, ಆಗ ಬಿದ್ದದ್ದಿರಬೇಕು. ಎಳೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಸಣ್ಣ ಕವರಿನಲ್ಲಿ ಹಾಕಿ ಡಬ್ಬಿಯಲ್ಲೇ ಇಟ್ಟಿದ್ದೇನೆ. ಆದರೆ ಎಂಜಿನ್ನಿಗೆ ಇಂಥ ಎಳೆ ದೊಡ್ಡ ಶತ್ರು. ಅಚ್ಚಿಗೆ ಸುತ್ತಿಕೊಂಡರೆ ಎಣ್ಣೆಯನ್ನೆಲ್ಲ ಹೀರಿಕೊಳ್ಳುತ್ತದೆ, ಗೇರಿಗೆ ಸಿಕ್ಕಿದರೆ ಹಲ್ಲು ಕಿತ್ತುಬರುತ್ತದೆ. ಚಿಕ್ಕ ಮಕ್ಕಳಿಗೆ ಮೊದಲ ಸೆಟ್ ಕೊಡುವವರು ಜೊತೆಗೆ ಒಂದು ಹಲಗೆಯನ್ನೂ ಕೊಡಿ. ಬರೀ ಪ್ಲೈವುಡ್ ತುಂಡಾದರೂ ಸಾಕು.

ಗೇರಿನ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ಹಲ್ಲುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿದೆ. ಹಲ್ಲು ಯಾವುದೂ ಮುರಿದಿರಲಿಲ್ಲ. ಗಾಲಿಯ ಅಂಚಿಗೆ ಅಂಟಿದ ಕಪ್ಪು ಕೊಳೆಯನ್ನೂ ಆಲ್ಕೊಹಾಲಿನಲ್ಲೇ ಒರೆಸಿದೆ. ಹಿಂದಿನ ಎರಡು ಗಾಲಿಗೆ ರಬ್ಬರಿನ ಪಟ್ಟಿ ಇದೆ, ಜಾರದಿರಲಿ ಅಂತ. ಅದು ಒಣಗಿ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಇಡೀ ಎಂಜಿನ್ನಿನಲ್ಲಿ ನಾನು ಬದಲಿಸಿದ ಭಾಗ ಇದೊಂದೇ.

ಈ ರಬ್ಬರಿನ ವಿಷಯ ಬಂದಾಗ ತೂಕದ ಮಾತು ಹೇಳಲೇಬೇಕು. 45 ಟನ್ನಿನ ಎಂಜಿನ್ ಒಂದನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ 87ರ ಒಂದು ಪಾಲಿಗೆ ಇಳಿಸಿದರೆ ಅದರ ತೂಕ 6,58,503ರ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಬರೀ 68 ಗ್ರಾಂ. ಅಷ್ಟು ಹಗುರವಾದರೆ ಗಾಲಿ ಹಳಿಗೆ ಕಚ್ಚುವುದಿಲ್ಲ, ಕರೆಂಟೂ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ತಯಾರಕರು ಚಾಸಿಯನ್ನು ಲೋಹದಲ್ಲಿ ಎರಕ ಹೊಯ್ದು, ಮೈಯೊಳಗೆ ಜಾಗ ಸಿಕ್ಕಲ್ಲೆಲ್ಲ ಭಾರ ತುಂಬುತ್ತಾರೆ. ಇಷ್ಟಾದರೂ ಸಾಲದು ಅಂದಾಗ ರಬ್ಬರ್ ಹಾಕುತ್ತಾರೆ. ಆದರೆ ರಬ್ಬರ್ ಹಾಕಿದ ಗಾಲಿ ಕರೆಂಟು ತೆಗೆದುಕೊಳ್ಳುವುದಿಲ್ಲ. ಎಳೆಯುವ ಶಕ್ತಿ ಬೇಕೋ, ಕರೆಂಟು ಬೇಕೋ ಅನ್ನುವ ಹಗ್ಗಜಗ್ಗಾಟ ಪ್ರತಿ ಸಣ್ಣ ಎಂಜಿನ್ನಿನಲ್ಲೂ ಇದ್ದೇ ಇದೆ.

ಎಲ್ಲ ಜೋಡಿಸುವಾಗ ಎಣ್ಣೆ. ಪ್ಲಾಸ್ಟಿಕ್ಕಿಗೆ ತೊಂದರೆ ಮಾಡದ ತೆಳುವಾದ ಎಣ್ಣೆಯೇ ಆಗಬೇಕು. ಸೂಜಿಯ ತುದಿಯಲ್ಲಿ ನಿಂತಷ್ಟು ಒಂದು ಹನಿ, ಮೋಟರಿನ ಎರಡು ಬೇರಿಂಗಿಗೆ, ಗಾಲಿಯ ಅಚ್ಚುಗಳಿಗೆ, ಕಡ್ಡಿಯ ಗೂಟಗಳಿಗೆ. ವರ್ಮ್ ಗೇರಿಗೆ ಸ್ವಲ್ಪ ಗ್ರೀಸ್. ಕಮ್ಯುಟೇಟರಿಗೆ ಒಂದು ಚೂರೂ ಸೋಕಬಾರದು. ಇಷ್ಟು ವರ್ಷ ಇದನ್ನು ಮಲಗಿಸಿದ್ದೇ ಅಲ್ಲಿಗೆ ಹರಿದ ಎಣ್ಣೆ ಅಲ್ವಾ.

ಹಳಿಗಳು ಅಷ್ಟೇನೂ ಕೆಲಸ ಕೊಡಲಿಲ್ಲ. ನಿಕೆಲ್ ಸಿಲ್ವರ್ ಹಳಿ. ಹೆಸರಿಗಷ್ಟೇ ಬೆಳ್ಳಿ, ಇರುವುದೆಲ್ಲ ತಾಮ್ರ, ನಿಕೆಲ್, ಸತು. ಹಿತ್ತಾಳೆ ಹಳಿಯಷ್ಟು ಬೇಗ ಇದು ಮಂಕಾಗುವುದಿಲ್ಲ. ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಎರಡು ಸಲ ಒರೆಸಿದ್ದೇ ಸಾಕಾಯಿತು. ಸಡಿಲವಾಗಿದ್ದ ಜೋಡುತಗಡುಗಳನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಬಿಗಿ ಮಾಡಿದೆ.

ಈ ಸಲ ಮೀಟರ್ ಕಡ್ಡಿ ತಾಗಿಸಿದಾಗ ಅಂಕಿ ಬಂತು. ದಾರಿ ಕೂಡಿಕೊಂಡಿತ್ತು. ಆಂಪಿಯರ್ ಮೀಟರನ್ನು ಮಧ್ಯೆ ಸೇರಿಸಿ ಎಂಜಿನ್ನನ್ನು ಹಳಿ ಮೇಲಿಟ್ಟೆ. ಗುಂಡಿಯನ್ನು ಮಗಳ ಕೈಗೆ ಕೊಟ್ಟೆ. ನಿಧಾನವಾಗಿ ತಿರುಗಿಸು, ಅದು ಹೊರಡೋದನ್ನ ನೋಡು ಅಂದೆ.

ಗುಂಯ್ ಅಂತು. ಮುಳ್ಳು ಅರ್ಧ ಆಂಪಿಯರ್ ದಾಟಿತು. ಎದೆ ಢವಢವ ಅನ್ನುತ್ತಿತ್ತು. ಜಗ್ಗಿತು, ನಿಂತಿತು, ಮತ್ತೆ ಜಗ್ಗಿತು. ಆಮೇಲೆ ನಿಲ್ಲಲಿಲ್ಲ. ಹೊಸ ಎಣ್ಣೆ ಒಳಗೆ ಹರಡುವವರೆಗೆ ವ್ಯಾಗನ್ ಇಲ್ಲದೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಸುತ್ತಲು ಬಿಟ್ಟೆವು. ಮುಳ್ಳು ನಿಧಾನಕ್ಕೆ ಇಳಿಯುತ್ತಾ ಬಂದು ಮೊದಲು ತೋರಿಸಿದ್ದರ ಅರ್ಧದಷ್ಟಕ್ಕೆ ನಿಂತಿತು. ಮೋಟರ್ ಬೆಚ್ಚಗಾದ ಮೇಲೆ ಆ ವಾಸನೆಯೂ ಬಂತು.

ಪರಿಚಯದ ಕೆಲವರು ಇದಕ್ಕೆ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಾಕಿಸಿ ಅಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಬೆರ್ನ್‌ಡ್ ಲೆನ್ಜ್ ಅವರ ಜರ್ಮನ್ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾಡೆಲ್ ರೈಲಿನವರ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಡಿಸಿಸಿಯ ನಿಯಮಗಳನ್ನು ರೂಪಿಸಿತು. ಅದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ಕರೆಂಟು ಇರುತ್ತದೆ. ವೇಗ, ದೀಪ, ಶಬ್ದ ಎಲ್ಲದರ ಅಪ್ಪಣೆಯೂ ಅದೇ ಹಳಿಯಲ್ಲಿ ಅಂಕಿಗಳಾಗಿ ಹೋಗುತ್ತದೆ. ಪ್ರತಿ ಎಂಜಿನ್ನಿನೊಳಗೂ ಒಂದು ಡಿಕೋಡರ್, ಅದಕ್ಕೊಂದು ನಂಬರು. ತನ್ನ ನಂಬರಿಗೆ ಬಂದ ಅಪ್ಪಣೆಯನ್ನಷ್ಟೇ ಅದು ಪಾಲಿಸುತ್ತದೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಬಹುದು. ನನ್ನ ಉಳಿದ ಎಂಜಿನ್ನುಗಳೆಲ್ಲ ಓಡುವುದು ಡಿಸಿಸಿಯಲ್ಲೇ.

ಇದಕ್ಕೆ ಮಾತ್ರ ಬೇಡ ಅಂದೆ. ಡಿಕೋಡರ್ ಹಾಕಬೇಕಾದರೆ ಮೋಟರಿನ ಎರಡೂ ಬ್ರಷ್ಷುಗಳು ಚಾಸಿಯಿಂದ ಪೂರ್ತಿ ಬೇರೆಯಾಗಿರಬೇಕು. ಇದರಲ್ಲಿ ಒಂದು ಬ್ರಷ್ ನೇರ ಚಾಸಿಗೇ ಸೇರಿದೆ. ಅದನ್ನು ಕತ್ತರಿಸಿ, ಪ್ಲಾಸ್ಟಿಕ್ ಕೊಟ್ಟು ಬೇರ್ಪಡಿಸಬೇಕು. ಇಲ್ಲವೇ ಹೊಸ ಮೋಟರ್ ಹಾಕಬೇಕು. ಹಾಕಿದರೆ ಚೆನ್ನಾಗಿಯೇ ಓಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಐದು ಪೋಲಿನ ಮೋಟರಿನ ಜೊತೆ ಸಣ್ಣ ಫ್ಲೈವೀಲ್, ಅಂದರೆ ಓಟವನ್ನು ಸಮ ಇಡುವ ಭಾರದ ಚಕ್ರ, ಇದ್ದರೆ ಹೊರಡುವಾಗ ಜಗ್ಗುವುದೇ ಇಲ್ಲ. ಎಣ್ಣೆ ಜಾರಿದ ಹಾಗೆ ಹೊರಡುತ್ತದೆ. ಆದರೆ ನನಗೆ ಬೇಕಾದದ್ದು ಆ ಜಗ್ಗುವುದೇ. ಮೂರೇ ಪೋಲ್ ಇರುವುದರಿಂದ ಆರ್ಮೇಚರ್ ಅಯಸ್ಕಾಂತದ ಹಿಡಿತದಿಂದ ಒಂದೊಂದು ಹೆಜ್ಜೆ ಬಿಡಿಸಿಕೊಳ್ಳುವಾಗ ಬರುವ ತಡೆ ಅದು. ಮೈಕಟ್ಟಿನ ಬಣ್ಣವನ್ನು ಬೇಕಾದರೆ ಯಾರಾದರೂ ಮತ್ತೆ ಹಚ್ಚಬಹುದು. ಮುರಿದ ಮೆಟ್ಟಿಲನ್ನು ಹೊಸದಾಗಿ ಮಾಡಿ ಅಂಟಿಸಬಹುದು. ಅದರಿಂದ ಎಂಜಿನ್ ಬೇರೆಯಾಗುವುದಿಲ್ಲ. ಮೋಟರ್ ಬದಲಿಸಿದರೆ ಆ ಗುಂಯ್ ಶಬ್ದ, ಆ ತಡೆ, ಆ ಮೊದಲ ಜಗ್ಗು ಮೂರೂ ಹೋಗುತ್ತವೆ. ನಾನು ನೆನಪಿಟ್ಟುಕೊಂಡಿರುವ ಎಂಜಿನ್ ಅಂದರೆ ಅವೇ. ಹೊರಗಿನ ರೂಪ ಉಳಿಸಿ ಒಳಗಿನದ್ದನ್ನೆಲ್ಲ ಬದಲಾಯಿಸುವುದು ಬೇರೆಯವರಿಗೆ ಸರಿ ಇರಬಹುದು. ನನ್ನ ಮೊದಲ ಎಂಜಿನ್ನಿಗೆ ಅದು ಸಲ್ಲದು.

ಹಾಗಾಗಿ ಹಳೆಯ ಕಂಟ್ರೋಲರನ್ನೂ ಇಟ್ಟುಕೊಂಡಿದ್ದೇನೆ. ಅದರ ವೈರು ಒಂದು ಕಡೆ ಬಿರುಕು ಬಿಟ್ಟಿತ್ತು, ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಬದಲಾಯಿಸಿಕೊಂಡು, ಪರೀಕ್ಷೆ ಮಾಡಿಸಿಕೊಂಡೇ ಬಳಸಿದ್ದು. ಮನೆಯ ಕರೆಂಟಿಗೆ ಸೇರುವ ಹಳೆಯ ಸಾಮಾನಿನ ಜೊತೆ ಧೈರ್ಯ ತೋರಿಸಬಾರದು. ಹಳಿಯ ಮೇಲೆ ಇರುವುದು 12 ವೋಲ್ಟ್, ಅಲ್ಲಿ ಭಯ ಇಲ್ಲ. ಗೋಡೆಯ ಕಡೆಗೆ ಇರುವುದು ಬೇರೆ ಮಾತು.

ಡಬ್ಬಿಯೊಳಗಿದ್ದ ಸ್ಪಂಜನ್ನು ತೆಗೆದುಹಾಕಿದೆ. ಆ ಜಾತಿಯ ಸ್ಪಂಜು ವರ್ಷಗಳ ಮೇಲೆ ಜಿಗುಟಾಗಿ ಬಣ್ಣಕ್ಕೆ ಅಂಟುತ್ತದೆ. ಈಗ ಆಮ್ಲ ಇಲ್ಲದ ತೆಳು ಕಾಗದದಲ್ಲಿ ಸುತ್ತಿಡುತ್ತೇವೆ. ಸುತ್ತಿಡುವುದೂ ಅಪರೂಪ, ಯಾಕೆಂದರೆ ವಾರದಲ್ಲಿ ಒಂದು ಸಲವಾದರೂ ಅದು ಹಳಿ ಮೇಲೆ ಇರುತ್ತದೆ. ಓಡುತ್ತಿದ್ದರೆ ಎಣ್ಣೆ ಗಟ್ಟಿಯಾಗುವುದಿಲ್ಲ, ಬ್ರಷ್ ಅಂಟುವುದಿಲ್ಲ.

ಮುಂದಿನ ಕೆಲಸ ಆ ಮೂರು ವ್ಯಾಗನ್ನುಗಳದ್ದು. ಒಂದರ ಕೊಕ್ಕೆ ಬಾಗಿದೆ, ತಿರುವಿನಲ್ಲಿ ಕಳಚಿಕೊಳ್ಳುತ್ತದೆ. ಇನ್ನೊಂದರ ಗಾಲಿಗಳು ಹಳಿಯ ಅಗಲಕ್ಕಿಂತ ಸ್ವಲ್ಪ ಒಳಗೆ ಸರಿದಿವೆ. ಅದಕ್ಕೆ ಅಳತೆಯ ಗೇಜು ತಂದಿಟ್ಟಿದ್ದೇನೆ. ಈ ಸಲ ಟಾರ್ಚ್ ನಾನು ಹಿಡಿಯಬೇಕಂತೆ, ಸ್ಕ್ರೂಡ್ರೈವರ್ ಮಗಳಿಗೆ ಬೇಕಂತೆ.